ಹೆಂಡತಿಯ ಸರ, ಪೊಲೀಸರ ರಿಕವರಿ

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಗೆ ಸೇರಿದ ಹಳ್ಳಿ ನಮ್ಮದು. ಹೊಲದಲ್ಲಿ ರಾಗಿ, ಬದುವಿನ ಮೇಲೆ ನಾಲ್ಕಾರು ಮಾವಿನ ಮರ, ಮನೆಯಲ್ಲಿ ಒಂದಿಷ್ಟು ರೇಷ್ಮೆ ಹುಳು. ಇಷ್ಟರಲ್ಲೇ ಸಂಸಾರ ತೂಗದೆ ಸಾಲ ಮಾಡಿ ಒಂದು ಟಾಟಾ ಏಸ್ ತಗೊಂಡಿದ್ದೆ. ರಾಮನಗರದ ಮಾರುಕಟ್ಟೆಗೆ ಗೂಡು, ಮಾವಿನ ಕಾಲದಲ್ಲಿ ಹಣ್ಣು, ಮಿಕ್ಕ ದಿನಗಳಲ್ಲಿ ಯಾರು ಕರೆದರೆ ಅವರ ಸಾಮಾನು ಹೊತ್ತು ಬಾಡಿಗೆ ಹೊಡೆಯುತ್ತಿದ್ದೆ. 2015ರ ಮೇ ತಿಂಗಳಲ್ಲಿ, ನಮ್ಮ ಜಿಲ್ಲೆಯ ಆಚೆಗಿನ ಒಂದು ಊರಿನ ಪೊಲೀಸರು ನನ್ನನ್ನು ಹಿಡಿದುಕೊಂಡು ಹೋಗಿ ಮನೆಗಳ್ಳತನದ ಕೇಸಿನಲ್ಲಿ ಎರಡನೇ ಆರೋಪಿ ಮಾಡಿದರು. 2021ರ ಕೊನೆಯಲ್ಲಿ ಕೋರ್ಟು ಬಿಡುಗಡೆ ಮಾಡಿತು.

ಇಷ್ಟು ದಿನ ಇದನ್ನು ಯಾರ ಮುಂದೆಯೂ ಪೂರ್ತಿ ಹೇಳಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಕುಶಾಲನಗರ ಕಡೆಯ ಒಬ್ಬ ಆದಿವಾಸಿ ಕೂಲಿಕಾರನ ಸುದ್ದಿ ಪತ್ರಿಕೆಯಲ್ಲಿ ಬಂತು. ಹೆಂಡತಿ ಕಾಣೆಯಾಗಿದ್ದಾಳೆ ಎಂದು ಅವನೇ ಪೊಲೀಸರಿಗೆ ದೂರು ಕೊಟ್ಟಿದ್ದ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದೇ, ಕೊಂದವನು ಇವನೇ ಎಂದು ಕೇಸು ಹಾಕಿ ಜೈಲಿಗಟ್ಟಿದರು. ಡಿಎನ್‌ಎ ಹೊಂದಲಿಲ್ಲ. ಆದರೂ ಕೊಲೆ ಕೇಸು ನಿಲ್ಲಲಿಲ್ಲ. ಕೊನೆಗೆ ಆ ಹೆಂಗಸು ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಕಣ್ಣಿಗೆ ಬಿದ್ದಳು. ಅವಳನ್ನು ಮೈಸೂರಿನ ನ್ಯಾಯಾಲಯದ ಮುಂದೆ ನಿಲ್ಲಿಸಿದ ಮೇಲೆ ಅವನಿಗೆ ಬಿಡುಗಡೆ. ಕೋರ್ಟು ಕೊಡಿಸಿದ ಪರಿಹಾರ 1 ಲಕ್ಷ ರೂಪಾಯಿ. ಅವನು 5 ಕೋಟಿ ಕೇಳಿ ಹೈಕೋರ್ಟಿಗೆ ಹೋದ. ಅಷ್ಟು ದುಡ್ಡು ಯಾಕಂತೆ ಅವನಿಗೆ ಎಂದು ನಮ್ಮೂರಿನ ಟೀ ಅಂಗಡಿಯಲ್ಲಿ ಯಾರೋ ಅಂದರು. ಆವತ್ತೇ ಬರೆಯಲು ಕೂತೆ. ನನ್ನನ್ನು ಹಿಡಿದ ಠಾಣೆಯ ಹೆಸರಾಗಲಿ, ಅಲ್ಲಿದ್ದವರ ಹೆಸರಾಗಲಿ ಇಲ್ಲಿಲ್ಲ. ಹೇಗೆ ನಡೆಯಿತು ಎಂಬುದನ್ನು ಮಾತ್ರ ಹೇಳುತ್ತೇನೆ. ಯಾಕೆಂದರೆ ಇದು ಇನ್ನೊಬ್ಬರಿಗೂ ಹೀಗೇ ನಡೆಯುತ್ತದೆ.

ಆ ಊರಿನ ಮಂಡಿಗೆ ಮಾವು ಇಳಿಸಿ ವಾಪಸು ಹೊರಟಿದ್ದೆ. ರಸ್ತೆ ಬದಿ ಟೀ ಕುಡಿಯುತ್ತಿದ್ದಾಗ ಮಫ್ತಿಯಲ್ಲಿದ್ದ ಮೂವರು ಬಂದು ಗಾಡಿ ಯಾರದು ಅಂತ ಕೇಳಿದರು. ನನ್ನದು ಅಂದೆ. ಹಿಂದಿನ ವಾರ ಅದೇ ಬಡಾವಣೆಯಲ್ಲಿ ಒಂದು ಮನೆಯ ಬೀಗ ಒಡೆದು ಒಡವೆ ಕದ್ದಿದ್ದರಂತೆ. ರಾತ್ರಿ ಬಿಳಿ ಬಣ್ಣದ ಗೂಡ್ಸ್ ಗಾಡಿ ನಿಂತಿತ್ತು ಎಂದು ಯಾರೋ ಹೇಳಿದ್ದರಂತೆ. ಬಿಳಿ ಟಾಟಾ ಏಸ್ ಆ ರಸ್ತೆಯಲ್ಲಿ ದಿನಕ್ಕೆ ನೂರು ಓಡಾಡುತ್ತವೆ. "ಎರಡು ಮಾತು ಕೇಳೋದಿದೆ, ಬಾ" ಎಂದು ಕರೆದುಕೊಂಡು ಹೋದರು. ಮೊಬೈಲು, ಪರ್ಸು ಕಿತ್ತುಕೊಂಡರು.

ಠಾಣೆಯಲ್ಲಿ ಸ್ವಲ್ಪ ಹೊತ್ತು ಮಾತ್ರ ಕೂರಿಸಿದರು. ನಾನು ಕೂತ ಬೆಂಚಿನ ಎದುರಿಗೇ ಒಂದು ದೊಡ್ಡ ಬೋರ್ಡು ಇತ್ತು. ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳನ್ನು ಕನ್ನಡದಲ್ಲಿ ಬರೆಸಿದ್ದರು. ಬಂಧಿಸುವ ಪೊಲೀಸರು ಹೆಸರಿನ ಬಿಲ್ಲೆ ಹಾಕಿರಬೇಕು. ಬಂಧನದ ಮೆಮೊ ಬರೆದು ಮನೆಯವರ ಅಥವಾ ಊರಿನ ಒಬ್ಬ ಗೌರವಸ್ಥರ ಸಹಿ ಪಡೆಯಬೇಕು. ನೆಂಟರಿಗೋ ಸ್ನೇಹಿತರಿಗೋ ತಿಳಿಸಬೇಕು. 48 ಗಂಟೆಗೊಮ್ಮೆ ವೈದ್ಯರಿಂದ ತಪಾಸಣೆ ಮಾಡಿಸಬೇಕು. ನಾನು ಪಿಯುಸಿ ಓದಿದವನು, ಅಷ್ಟನ್ನೂ ಓದಿದೆ. ಓದಿ ಧೈರ್ಯವೂ ಬಂತು. ನನ್ನನ್ನು ಕರೆತಂದ ಮೂವರಲ್ಲಿ ಯಾರ ಎದೆಯ ಮೇಲೂ ಬಿಲ್ಲೆ ಇರಲಿಲ್ಲ. ಕತ್ತಲಾದ ಮೇಲೆ ಅಲ್ಲಿಂದ ಎಬ್ಬಿಸಿ, ಠಾಣೆಯ ಹಿಂದೆ ಪಾಳುಬಿದ್ದಿದ್ದ ಒಂದು ಕ್ವಾರ್ಟರ್ಸ್‌ಗೆ ಸಾಗಿಸಿದರು. ಮುಂದೆ ಎಷ್ಟೋ ದಿನ ನಾನಿದ್ದದ್ದು ಅಲ್ಲೇ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ತರಬೇಕು ಎನ್ನುವುದು ಸಂವಿಧಾನದ 22ನೇ ವಿಧಿ. ಆದರೆ ಠಾಣೆಯ ಪುಸ್ತಕದಲ್ಲಿ ನನ್ನ ಹೆಸರೇ ಇರಲಿಲ್ಲವಾದ್ದರಿಂದ ಆ ಗಂಟೆಗಳ ಲೆಕ್ಕ ಶುರುವೇ ಆಗಲಿಲ್ಲ. ಠಾಣೆಗಳಲ್ಲೆಲ್ಲ ಸಿಸಿಟಿವಿ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶ ಕೊಟ್ಟಾಗ ನನಗೆ ಮೊದಲು ನೆನಪಾದದ್ದು ಆ ಕ್ವಾರ್ಟರ್ಸ್. ಅಲ್ಲಿಗೆ ಯಾರು ಕ್ಯಾಮೆರಾ ಹಾಕುತ್ತಾರೆ?

ಹೊಡೆತದ ವಿಷಯ ಹೆಚ್ಚು ಬರೆಯಲಾರೆ. ಕೈ ಹಿಂದಕ್ಕೆ ಕಟ್ಟಿ ಮೇಲಿನ ತೊಲೆಗೆ ಎಳೆದು ಕಟ್ಟುವುದಕ್ಕೆ ಏರೋಪ್ಲೇನ್ ಅನ್ನುತ್ತಾರೆ. ಬಲಗಡೆಯ ಭುಜ ಇವತ್ತಿಗೂ ಪೂರ್ತಿ ಮೇಲೆ ಹೋಗುವುದಿಲ್ಲ. ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮಾಲು ಎಲ್ಲಿಟ್ಟಿದ್ದೀಯ?" ನನ್ನ ಜೊತೆಯಲ್ಲಿ ಅದೇ ಕೇಸಿಗೆ ಇನ್ನೊಬ್ಬ ಹುಡುಗನನ್ನು ತಂದಿದ್ದರು, ಗಾರೆ ಕೆಲಸದವನು. ನಾನು ಅವನನ್ನು ಮೊದಲ ಸಲ ನೋಡಿದ್ದೇ ಅಲ್ಲಿ. ಆಮೇಲೆ ಚಾರ್ಜ್‌ಶೀಟಿನಲ್ಲಿ ನಾವಿಬ್ಬರೂ ಹಳೆಯ ಸ್ನೇಹಿತರು, ಸೇರಿ ಸಂಚು ಮಾಡಿದವರು ಎಂದು ಬರೆದಿತ್ತು.

ಈ ಕಡೆ ಮನೆಯಲ್ಲಿ ನನ್ನ ಸುಳಿವಿಲ್ಲದೆ ಹೆಂಡತಿ ಅವಳ ತಮ್ಮನನ್ನು ಹುಡುಕಲು ಕಳಿಸಿದಳು. ಮಂಡಿಯವರು ಹೇಳಿದ ಗುರುತಿನ ಮೇಲೆ ನನ್ನ ಬಾಮೈದ ಠಾಣೆಗೆ ಬಂದು ಕೇಳಿದರೆ, ಅಂಥವರು ಯಾರೂ ಇಲ್ಲಿಲ್ಲ ಅಂದರಂತೆ. ನನ್ನ ಟಾಟಾ ಏಸ್ ಠಾಣೆಯ ಕಾಂಪೌಂಡಿನಲ್ಲೇ ನಿಂತಿತ್ತು. ಅವನು ಅದನ್ನು ತೋರಿಸಿದ ಮೇಲೆ ಹೊರಗಡೆ ಜೆರಾಕ್ಸ್ ಅಂಗಡಿಯ ಹತ್ತಿರ ಒಬ್ಬ ಅವನನ್ನು ಪಕ್ಕಕ್ಕೆ ಕರೆದ. ಅವನು ಪೊಲೀಸಿನವನಲ್ಲ, ರೈಟರ್ ಕಡೆಯ ಮನುಷ್ಯ. "ಒಂದು ಲಕ್ಷ ಆದ್ರೆ ಹಂಗೇ ಬಿಟ್ಬಿಡ್ತಾರೆ. ಕೇಸೇ ಇರಲ್ಲ. ತಡ ಮಾಡುದ್ರೆ ನನ್ನ ಕೈಲಿ ಇರಲ್ಲ ನೋಡಪ್ಪ" ಅಂದ. ಬಾಮೈದ ಊರಿಗೆ ಓಡಿದ. ಕರೆಯುತ್ತಿದ್ದ ಸೀಮೆಹಸು ಮಾರಿದರು, ಮರದ ಮೇಲಿದ್ದ ಮಾವನ್ನು ಸಿಕ್ಕ ರೇಟಿಗೆ ವ್ಯಾಪಾರಿಗೆ ಬರೆದುಕೊಟ್ಟರು. 60 ಸಾವಿರ ಹೊಂದಿಸಿ ತಂದು ಕೊಟ್ಟರು. ದುಡ್ಡು ತಗೊಂಡ ಮಾರನೇ ದಿನ ಅದೇ ಮನುಷ್ಯ, "ಸಾಹೇಬ್ರು ಒಪ್ಪಲಿಲ್ಲ, ರಿಕವರಿ ತೋರಿಸಲೇಬೇಕಂತೆ. ಇನ್ನೊಂಚೂರು ಕೊಡಿ, ಸೆಕ್ಷನ್ ಕಮ್ಮಿ ಮಾಡಿಸ್ತೀನಿ" ಅಂದ. ಲಂಚ ಕೊಟ್ಟರೂ ಕೆಲಸ ಆಗಲಿಲ್ಲ ಎಂದು ಯಾರಿಗೆ ದೂರು ಕೊಡುವುದು? ಕೊಟ್ಟದ್ದಕ್ಕೆ ಪುರಾವೆ ಇಲ್ಲ, ಒಳಗಡೆ ಇರುವವನ ಮೈ ಅವರ ಕೈಯಲ್ಲಿದೆ.

ಈ ರಿಕವರಿ ಅನ್ನುವುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಕೇಸಿನ ತಿರುಳೇ ಅದು. ಪೊಲೀಸರ ಮುಂದೆ ಆರೋಪಿ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯಿಂದಲೂ ಹಾಗೇ ಇದೆ. ಆದರೆ ಅದೇ ಕಾಯ್ದೆಯ 27ನೇ ಸೆಕ್ಷನ್‌ನಲ್ಲಿ, ಆರೋಪಿ ಕೊಟ್ಟ ಸುಳಿವಿನಿಂದ ಮಾಲು ಸಿಕ್ಕಿದರೆ ಆ ಸುಳಿವಿನ ಮಟ್ಟಿಗೆ ಅವನ ಮಾತನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಎಂದಿತ್ತು. ಹಾಗಾಗಿ ಕಳ್ಳತನದ ಕೇಸೆಂದರೆ ಮಾಲು ಸಿಕ್ಕಬೇಕು. ನಿಜವಾದ ಕಳ್ಳ ಸಿಗದಿದ್ದಾಗ, ಮೇಲಿನವರಿಗೆ ತಿಂಗಳ ಲೆಕ್ಕ ಒಪ್ಪಿಸಬೇಕಾದಾಗ, ಯಾವುದಾದರೂ ಒಡವೆ ಬೇಕು. ಹೊಡೆತಕ್ಕೆ ನನ್ನ ಬಾಯಿಂದ ಒಡವೆ ಬರಲಿಲ್ಲ. ಪರ್ಸಿನಿಂದ ಬಂತು.

ಆ ವರ್ಷದ ಮಾರ್ಚ್‌ನಲ್ಲಿ ಮಗಳಿಗೆ ಆಪರೇಷನ್ ಆಗಿತ್ತು. ಆಗ ಹೆಂಡತಿಯ ಎರಡೆಳೆ ಸರ ಮತ್ತು ಓಲೆಯನ್ನು ಹೋಬಳಿಯ ಗಿರವಿ ಅಂಗಡಿಯಲ್ಲಿ ಇಟ್ಟು ದುಡ್ಡು ತಂದಿದ್ದೆ. ಮದುವೆಯಲ್ಲಿ ನಮ್ಮ ಅವ್ವ ಹಾಕಿದ್ದ ಸರ ಅದು. ಗಿರವಿ ಚೀಟಿ ಪರ್ಸಿನಲ್ಲಿತ್ತು. ಕ್ರೈಂ ಡ್ಯೂಟಿಯವನೊಬ್ಬ ಅದನ್ನು ಬಿಚ್ಚಿ ಓದಿ, ಇನ್ನೊಬ್ಬನ ಕಡೆ ನೋಡಿ, "ಸಿಕ್ತಲ್ಲಪ್ಪಾ" ಅಂದ. ಅವನ ದನಿಯಲ್ಲಿದ್ದ ಸಮಾಧಾನ ನನಗೆ ಈಗಲೂ ಕೇಳಿಸುತ್ತದೆ.

ಮಾರನೇ ದಿನ ಜೀಪಿನಲ್ಲಿ ಊರಿಗೆ ಕರೆತಂದರು. ಕೈಗೆ ಕೋಳ ಹಾಕಿದ್ದರು. ತಿಪ್ಪಸಂದ್ರದ ಬಸ್‌ ನಿಲ್ದಾಣದ ಹತ್ತಿರವೇ ಇಳಿಸಿ, ಅಲ್ಲಿಂದ ಗಿರವಿ ಅಂಗಡಿಯವರೆಗೆ ನಡೆಸಿದರು. ಜೀಪು ಅಂಗಡಿಯ ಬಾಗಿಲಿಗೇ ಹೋಗಬಹುದಿತ್ತು. ಸಂತೆಗೆ ಬಂದವರು, ಶಾಲೆ ಹುಡುಗರು, ನನ್ನ ಗಾಡಿಗೆ ಸಾಮಾನು ಹೇರುತ್ತಿದ್ದ ಅಂಗಡಿಯವರು ಎಲ್ಲರೂ ನಿಂತು ನೋಡಿದರು. ಕೋಳ ಹಾಕುವುದು ಮಾಮೂಲಿ ಕ್ರಮವಾಗಬಾರದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಪ್ರೇಮ್ ಶಂಕರ್ ಶುಕ್ಲಾ ಪ್ರಕರಣದಲ್ಲಿ ಹೇಳಿದೆ. 2022ರಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ, ಕಾನೂನು ವಿದ್ಯಾರ್ಥಿಯೊಬ್ಬನಿಗೆ ಸುಮ್ಮನೆ ಕೋಳ ಹಾಕಿ ನಡೆಸಿದ್ದಕ್ಕೆ 2 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಆ ತೀರ್ಪಿನ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಆ ಹುಡುಗನಿಗೆ ಸಿಕ್ಕಿತಲ್ಲ ಎಂದು ನಿಜವಾಗಿ ಸಂತೋಷಪಟ್ಟೆ. ನಮ್ಮ ಅವ್ವ ಮಾತ್ರ ಆವತ್ತಿನ ನಂತರ ಸಂತೆಗೆ ಹೋಗುವುದನ್ನೇ ಬಿಟ್ಟರು. ನಾನು ಜೈಲಿನಲ್ಲಿದ್ದಾಗಲೇ ತೀರಿಕೊಂಡರು. ಮಣ್ಣಿಗೆ ಬರಲು ಅನುಮತಿಯ ಕಾಗದ ಸಿಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಗಿರವಿ ಅಂಗಡಿಯವರು ವಯಸ್ಸಾದವರು. "ಕಳ್ಳಮಾಲು ಇಟ್ಕೊಂಡಿದ್ದೀರಿ, 411 ಹಾಕಿ ನಿಮ್ಮನ್ನೂ ಒಳಗೆ ಹಾಕ್ತೀವಿ" ಎಂದು ಗದರಿದಾಗ ಅವರ ಕೈ ನಡುಗಿತು. ಕದ್ದ ಮಾಲು ಎಂದು ಗೊತ್ತಿದ್ದೂ ಇಟ್ಟುಕೊಂಡವರ ಮೇಲೆ ಆಗ ಹಾಕುತ್ತಿದ್ದ ಸೆಕ್ಷನ್ ಅದು. ಸರ, ಓಲೆ ತೆಗೆದುಕೊಟ್ಟರು. ಮಹಜರು ಬರೆದರು. ಪಂಚರೆಂದು ಸಹಿ ಹಾಕಿದ ಇಬ್ಬರೂ ನಮ್ಮ ಹೋಬಳಿಯವರಲ್ಲ, ಆ ದಿನ ಅಲ್ಲಿಗೆ ಬಂದವರೂ ಅಲ್ಲ. ಮಾರ್ಚ್‌ನಲ್ಲಿ ಇಟ್ಟ ಗಿರವಿ, ಮಹಜರಿನಲ್ಲಿ ಮೇ ತಿಂಗಳಲ್ಲಿ ಇಟ್ಟದ್ದಾಯಿತು. ನನ್ನ ಚೀಟಿ ಮತ್ತೆ ಎಲ್ಲೂ ಕಾಣಿಸಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಶೋಧ, ಜಪ್ತಿಯನ್ನೆಲ್ಲ ವಿಡಿಯೊ ಮಾಡಬೇಕು ಎಂದಿದೆ. ಅದನ್ನು ಪ್ರಾಮಾಣಿಕವಾಗಿ ಮಾಡಿದರೆ ನನ್ನಂಥ ಎಷ್ಟೋ ಜನ ಉಳಿಯುತ್ತಾರೆ ಎಂದು ನಂಬುತ್ತೇನೆ.

ಅದಾದ ಮೇಲೆಯೇ ನನ್ನನ್ನು ಬಂಧಿಸಿದ್ದಾಗಿ ಕಾಗದದಲ್ಲಿ ಬರೆದರು. ಆಸ್ಪತ್ರೆಯಲ್ಲಿ ಡಾಕ್ಟರು ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ಅಂಗಿ ಬಿಚ್ಚಿಸಲೂ ಇಲ್ಲ. ಮ್ಯಾಜಿಸ್ಟ್ರೇಟರು ಕೇಳಿದರು: ಪೊಲೀಸರಿಂದ ಏನಾದರೂ ತೊಂದರೆ ಆಯಿತಾ? ನನ್ನ ಹಿಂದೆ ಒಂದು ಅಡಿ ದೂರದಲ್ಲಿ ಕ್ರೈಂನವನು ನಿಂತಿದ್ದ. ಬರುವಾಗ ದಾರಿಯಲ್ಲಿ, ಬಾಯಿ ಬಿಟ್ಟರೆ ಪೊಲೀಸ್ ಕಸ್ಟಡಿ ಕೇಳಿ ಮತ್ತೆ ಅದೇ ಕೋಣೆಗೆ ತರುವುದಾಗಿ ಹೇಳಿದ್ದ. ಇಲ್ಲ ಸ್ವಾಮಿ ಅಂದೆ. ಆ ಪ್ರಶ್ನೆಯನ್ನು ಕೇಳುವಾಗ ಪೊಲೀಸರನ್ನು ಹೊರಗೆ ಕಳಿಸಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ, ಖರ್ಚೂ ಇಲ್ಲ.

ಜೈಲಿನಲ್ಲಿ ಮಲಗುವ ಜಾಗಕ್ಕೆ ದುಡ್ಡು, ಹೊದಿಕೆಗೆ ದುಡ್ಡು, ಮನೆಯವರು ಸಂದರ್ಶನಕ್ಕೆ ಬಂದರೆ ನಮ್ಮನ್ನು ಬೇಗ ಕರೆಯುವುದಕ್ಕೂ ದುಡ್ಡು. ಕೊಡಲಾಗದವರು ಕಕ್ಕಸಿನ ಬಾಗಿಲ ಬಳಿ ಮಲಗುತ್ತಿದ್ದರು. 2017ರ ಜುಲೈನಲ್ಲಿ ಆಗಿನ ಕಾರಾಗೃಹ ಡಿಐಜಿ ಡಿ. ರೂಪಾ ಅವರು ಪರಪ್ಪನ ಅಗ್ರಹಾರದಲ್ಲಿ ಕೆಲವರಿಗೆ ನಡೆಯುತ್ತಿದ್ದ ವಿಶೇಷ ಉಪಚಾರದ ಬಗ್ಗೆ ವರದಿ ಕೊಟ್ಟಾಗ, 2024ರ ಆಗಸ್ಟ್‌ನಲ್ಲಿ ಅಲ್ಲಿಂದಲೇ ನಟ ದರ್ಶನ್ ಕುರ್ಚಿ ಹಾಕಿಕೊಂಡು ಕೂತ ಫೋಟೊ ಹೊರಬಂದಾಗ ಜನ ಬೆರಗಾದರು. ಜೈಲು ಕಂಡವರು ಬೆರಗಾಗಲಿಲ್ಲ. ದೇಶದ ಜೈಲುಗಳಲ್ಲಿರುವ ನೂರು ಜನರಲ್ಲಿ ಎಪ್ಪತ್ತೈದಕ್ಕೂ ಹೆಚ್ಚು ಮಂದಿ ವಿಚಾರಣೆ ಮುಗಿಯದವರು ಎಂದು 2022ರ ಸರ್ಕಾರಿ ಲೆಕ್ಕ ಹೇಳುತ್ತದೆ. ನಮ್ಮ ಬ್ಯಾರಕಿನಲ್ಲಿ ಶಿಕ್ಷೆ ಆದವರು ಬೆರಳೆಣಿಕೆಯಷ್ಟು. ಮಿಕ್ಕ ನಾವೆಲ್ಲ ಕಾನೂನಿನ ಕಣ್ಣಿನಲ್ಲಿ ನಿರಪರಾಧಿಗಳೇ ಆಗಿದ್ದೆವು.

ಜಾಮೀನಿಗೆ ಅರ್ಜಿ ಹಾಕುವಷ್ಟರಲ್ಲಿ ಬಾಡಿ ವಾರಂಟ್ ಬಂತು. ಒಳಗಿರುವ ಆರೋಪಿಯನ್ನು ಬೇರೆ ಠಾಣೆಯವರು ತಮ್ಮ ಕೇಸಿಗೆ ಎಳೆದುಕೊಳ್ಳುವ ವಾರಂಟ್ ಅದು. ಪತ್ತೆಯಾಗದೆ ಉಳಿದ ಹಳೆಯ ಕಳ್ಳತನಗಳು ಎಲ್ಲ ಠಾಣೆಯಲ್ಲೂ ಇರುತ್ತವೆ. ಒಬ್ಬ ಕಳ್ಳ ಸಿಕ್ಕಿದ ಎಂದು ತಿಳಿದರೆ ಅವನ್ನು ಅವನ ತಲೆಗೆ ಕಟ್ಟಿ ಮುಗಿಸುತ್ತಾರೆ. ನನಗೆ ಹೀಗೆ ಇನ್ನೆರಡು ಕೇಸು ಅಂಟಿದವು. ಅದರಲ್ಲಿ ಒಂದು ಕಳ್ಳತನ ನಡೆದ ರಾತ್ರಿ ನಾನು ಮಹದೇಶ್ವರ ಬೆಟ್ಟದಲ್ಲಿದ್ದೆ, ಊರಿನ ಹತ್ತಾರು ಜನರ ಜೊತೆ.

ಮಾದಪ್ಪ ನಮ್ಮ ಮನೆದೇವರು. ಬೆಟ್ಟದ ಸುತ್ತಿನ ಹಳ್ಳಿಗಳವರ ಕಥೆಯನ್ನು ಹೋದಾಗಲೆಲ್ಲ ಕೇಳಿದ್ದೆ, ಆದರೆ ಅದು ನನಗೂ ಸಂಬಂಧಪಟ್ಟದ್ದು ಎಂದು ಅನ್ನಿಸಿರಲಿಲ್ಲ. ವೀರಪ್ಪನ್‌ನನ್ನು ಹಿಡಿಯುವ ಹೆಸರಿನಲ್ಲಿ ನೂರಕ್ಕೂ ಹೆಚ್ಚು ಹಳ್ಳಿಗರನ್ನು ಟಾಡಾ ಕಾಯ್ದೆಯ ಕೆಳಗೆ ಮೈಸೂರು ಜೈಲಿನಲ್ಲಿ ವರ್ಷಗಟ್ಟಲೆ ಕೂಡಿಟ್ಟರು. 2001ರಲ್ಲಿ ತೀರ್ಪು ಬಂದಾಗ ಶಿಕ್ಷೆಯಾದದ್ದು 14 ಜನಕ್ಕೆ. ಕಾರ್ಯಪಡೆ ಮಾಡಿದ ಹಿಂಸೆಯನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2007ರಲ್ಲಿ 89 ಜನಕ್ಕೆ ಒಟ್ಟು 2.80 ಕೋಟಿ ರೂಪಾಯಿ ಕೊಡಲು ಹೇಳಿತು. ಅಲ್ಲಿನ ಮುದುಕರು ಕೈ ಎತ್ತಲಾರದೆ ಒಂದೇ ಕೈಯಲ್ಲಿ ಹಣ್ಣುಕಾಯಿ ಮಾಡಿಸುವುದನ್ನು ನೋಡಿದ್ದೆ. ಈಗ ನಾನೂ ಹಾಗೇ ಮಾಡಿಸುತ್ತೇನೆ.

ಮೊದಲು ಹಿಡಿದ ವಕೀಲರು ಠಾಣೆಯವರೇ ಸೂಚಿಸಿದವರು. 25 ಸಾವಿರ ತಗೊಂಡರು. ಜಾಮೀನು ಆದೇಶ ಆದಾಗ, ಇಬ್ಬರು ಶ್ಯೂರಿಟಿ ಬೇಕು ಎಂದರು. ನನ್ನ ಭಾವ ತಮ್ಮ ಜಮೀನಿನ ಪಹಣಿ ಹಿಡಿದುಕೊಂಡು ಬಂದರು. ಮಾಗಡಿ ತಾಲ್ಲೂಕಿನದು ಆಗುವುದಿಲ್ಲ, ಲೋಕಲ್ ಶ್ಯೂರಿಟಿಯೇ ಆಗಬೇಕು ಎಂದು ವಾಪಸು ಕಳಿಸಿದರು. ಕೋರ್ಟಿನ ಹೊರಗೆ, ದುಡ್ಡಿಗೆ ಶ್ಯೂರಿಟಿ ಕೊಡುವವರು ಪಹಣಿ ಹಿಡಿದುಕೊಂಡೇ ಕೂತಿರುತ್ತಾರೆ. ಒಬ್ಬೊಬ್ಬರಿಗೆ ಎಂಟು ಸಾವಿರ. ನಮ್ಮ ಹತ್ತಿರ ಎಂಟು ನೂರೂ ಉಳಿದಿರಲಿಲ್ಲ. ಗಾಡಿಯ ಕಂತು ಕಟ್ಟದ್ದಕ್ಕೆ ಫೈನಾನ್ಸ್‌ನವರು ಅಷ್ಟರಲ್ಲಿ ಅದನ್ನೂ ಹಿಡಿಯಲು ಓಡಾಡುತ್ತಿದ್ದರು. ಜಾಮೀನು ಸಿಕ್ಕಿಯೂ ನಾನು ತಿಂಗಳುಗಟ್ಟಲೆ ಒಳಗೇ ಇದ್ದೆ.

ಅಲ್ಲಿಂದ ನನ್ನನ್ನು ಎತ್ತಿದವರು ಕಾನೂನು ಸೇವಾ ಪ್ರಾಧಿಕಾರದಿಂದ ಜೈಲಿಗೆ ಬಂದ ಒಬ್ಬ ವಕೀಲೆ. ವಯಸ್ಸಿನಲ್ಲಿ ನನ್ನ ತಂಗಿಯಷ್ಟಿದ್ದರು. ಜೈಲಿನಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾಯ್ದೆಯಲ್ಲೇ ಇದೆ ಎಂದು ಅವರಿಂದ ತಿಳಿಯಿತು. ಅವರು ಕೋರ್ಟಿನಲ್ಲಿ ಮೋತಿರಾಮ್ ಪ್ರಕರಣ ಓದಿದರು. ಮಧ್ಯಪ್ರದೇಶದ ಒಬ್ಬ ಗಾರೆ ಕೆಲಸದವನಿಗೆ 10 ಸಾವಿರದ ಶ್ಯೂರಿಟಿ ಕೇಳಿ, ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿಹಾಕಿದ್ದರಂತೆ. ಅದು ತಪ್ಪೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1978ರಲ್ಲೇ ಬರೆದಿದ್ದಾರೆ. ನಾನು ಹುಟ್ಟುವುದಕ್ಕೂ ಮೊದಲಿನ ತೀರ್ಪು! ಭಾವನ ಪಹಣಿಯನ್ನು ಕೋರ್ಟು ಒಪ್ಪಿತು. ನಾನು ಹೊರಗೆ ಬಂದೆ. ಜೊತೆಯ ಗಾರೆ ಹುಡುಗನಿಗೂ ಅವರೇ ಜಾಮೀನು ಕೊಡಿಸಿದರು. ಸರ್ಕಾರ ಅವರಿಗೆ ಕೊಡುವ ಫೀಸು ಬಸ್ ಚಾರ್ಜಿಗೂ ಸಾಲದು. ಆದರೂ ಒಂದು ವಾಯಿದೆಯನ್ನೂ ತಪ್ಪಿಸಿದವರಲ್ಲ. 15100 ಎಂಬ ನಂಬರಿಗೆ ಫೋನ್ ಮಾಡಿದರೆ ಇಂಥ ನೆರವು ಸಿಗುತ್ತದೆ. ಇದನ್ನು ಓದುವವರು ಆ ನಂಬರನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಸಾಕ್ಷಿ ಬಂದಿಲ್ಲ, ಸಮನ್ಸ್ ಜಾರಿಯಾಗಿಲ್ಲ, ತನಿಖಾಧಿಕಾರಿಗೆ ಬಂದೋಬಸ್ತ್ ಡ್ಯೂಟಿ, ಜಡ್ಜು ವರ್ಗ. ಗಾಡಿ ಫೈನಾನ್ಸ್ ಪಾಲಾಯಿತು. ಬೇರೆಯವರ ಗಾಡಿ ಓಡಿಸುತ್ತಾ, ವಾಯಿದೆಯ ದಿನ ಕೂಲಿ ಬಿಟ್ಟು ಕೋರ್ಟಿಗೆ ಹೋಗಿ ಹಾಜರಿ ಹಾಕಿ ಬರುತ್ತಿದ್ದೆ.

2019ರಲ್ಲಿ ದೂರು ಕೊಟ್ಟಿದ್ದ ಹೆಂಗಸು ಸಾಕ್ಷಿ ಹೇಳಲು ಬಂದರು. ನಡುವಯಸ್ಸಿನವರು, ಟೈಲರಿಂಗ್ ಮಾಡುವವರು. ಕೋರ್ಟಿನ ಗುಮಾಸ್ತರು ಮುದ್ದೆಮಾಲು ತಂದು, ಅರಗಿನ ಮುದ್ರೆ ಒಡೆದು, ಬಟ್ಟೆಯ ಗಂಟು ಬಿಚ್ಚಿ ಸರವನ್ನು ಅವರ ಕೈಗಿಟ್ಟರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಹೆಂಡತಿ ಎದ್ದು ನಿಂತೇಬಿಟ್ಟಳು. ನಾಲ್ಕು ವರ್ಷದ ಮೇಲೆ ಅವಳು ತನ್ನ ಸರ ನೋಡಿದ್ದು. ಇದು ನಿಮ್ಮದೇ ತಾನೆ ಎಂದು ಸರ್ಕಾರಿ ವಕೀಲರು ಕೇಳಿದರು. ಆಕೆ ಸರವನ್ನು ಹಿಂದೆಮುಂದೆ ತಿರುಗಿಸಿ, ಕೊಕ್ಕೆಯನ್ನು ಮುಟ್ಟಿ ನೋಡಿ ಹೇಳಿದರು:

"ಅಲ್ಲ ಸಾರ್."

"ಸರಿಯಾಗಿ ನೋಡಿ ಹೇಳಿ."

"ನೋಡೇ ಹೇಳ್ತಿದ್ದೀನಿ. ನಂದು ಹವಳದ ಸರ, ನಮ್ಮತ್ತೆ ಕೊಟ್ಟಿದ್ದು. ಇದು ಯಾರೋ ಬೇರೆ ಹೆಣ್ಣುಮಗಳದು. ಸ್ಟೇಷನ್‌ನಲ್ಲೂ ಇದನ್ನೇ ಹೇಳ್ದೆ. ಏನೂ ಸಿಗದೇ ಇರೋದಕ್ಕಿಂತ ಇದನ್ನಾದ್ರೂ ತಗೊಳ್ಳಿ, ಸೈನ್ ಹಾಕಿ ಅಂದ್ರು. ನಾನು ಹೆಂಗೆ ತಗೊಳ್ಳಲಿ?"

ಕಳೆದುಕೊಂಡದ್ದಕ್ಕಿಂತ ಭಾರದ ಸರ ಅವರ ಕೈಯಲ್ಲಿತ್ತು. ಹೌದು ಎಂದಿದ್ದರೆ ಆವತ್ತೇ ಅವರದಾಗುತ್ತಿತ್ತು, ನಾನು ಮತ್ತೆ ಜೈಲಿಗೆ ಹೋಗುತ್ತಿದ್ದೆ. ಸರ್ಕಾರಿ ವಕೀಲರು ಅವರನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಕೇಳಿಕೊಂಡರು. ಆಮೇಲೆ ಪಾಟೀಸವಾಲು: ನೀವು ಆರೋಪಿಗಳ ಜೊತೆ ರಾಜಿಯಾಗಿದ್ದೀರಿ, ಅದಕ್ಕೇ ಸುಳ್ಳು ಹೇಳುತ್ತಿದ್ದೀರಿ. ತನ್ನ ಮನೆಯ ಬೀಗ ಒಡೆಸಿಕೊಂಡು, ಜೀವಮಾನದ ಒಡವೆ ಕಳೆದುಕೊಂಡ ಹೆಂಗಸು ಕಟಕಟೆಯಲ್ಲಿ ಸುಳ್ಳುಗಾರ್ತಿ ಅನ್ನಿಸಿಕೊಂಡರು. ಅವರ ಕಣ್ಣಲ್ಲಿ ನೀರು ಬಂತು, ಮಾತು ಮಾತ್ರ ಬದಲಾಗಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಆದದ್ದಕ್ಕಿಂತ ಹೆಚ್ಚು ನನ್ನನ್ನು ಸುಡುವುದು ಇದು. ಪೊಲೀಸರು ನನ್ನನ್ನು ಕಳ್ಳ ಮಾಡಿದ ದಿನವೇ ಆಕೆಯ ಮನೆಯ ನಿಜವಾದ ಕಳ್ಳನನ್ನು ಹುಡುಕುವುದನ್ನು ಬಿಟ್ಟರು. ಫೈಲು ಮುಗಿಯಿತು, ಪತ್ತೆಯಾದ ಕೇಸುಗಳ ಪಟ್ಟಿಗೆ ಒಂದು ಸೇರಿತು. ನಷ್ಟವಾದದ್ದು ಎರಡು ಮನೆಗೆ.

ಹೊರಗೆ ಬಂದ ಮೇಲೆ ಆಕೆ ನನ್ನ ಹೆಂಡತಿಯ ಹತ್ತಿರ ಬಂದು, "ನಿಮ್ದೇನಮ್ಮ ಅದು?" ಎಂದು ಕೇಳಿದರು. ಇವಳು ತಲೆ ಆಡಿಸಿದಳು. ಇಬ್ಬರೂ ಕೋರ್ಟಿನ ಹುಣಸೆ ಮರದ ಕೆಳಗೆ ತುಂಬ ಹೊತ್ತು ಕೂತಿದ್ದರು.

ಗಿರವಿ ಅಂಗಡಿಯವರೂ ಕೊನೆಗೆ ಧೈರ್ಯ ಮಾಡಿದರು. ವಕೀಲೆಯವರು ಅವರ ಲೆಡ್ಜರನ್ನು ಕೋರ್ಟಿಗೆ ತರಿಸಿದರು. ಗಿರವಿ ವ್ಯಾಪಾರ ಮಾಡುವವರು ಪ್ರತಿ ಒಡವೆಗೂ ತಾರೀಖು, ತೂಕ ಬರೆದಿಡಬೇಕು ಎಂಬ ಕಾನೂನು ನಮ್ಮ ರಾಜ್ಯದಲ್ಲಿ ಇದೆ. ಮಾರ್ಚ್ ತಿಂಗಳ ಪುಟದಲ್ಲಿ ನನ್ನ ಹೆಸರು, ಸರದ ತೂಕ, ನನ್ನ ಸಹಿ ಎಲ್ಲವೂ ಇದ್ದವು. ಅದರ ಮೇಲೆ ಕೆಳಗೆ ಬೇರೆಯವರ ಲೆಕ್ಕ ತುಂಬಿತ್ತು, ಆಮೇಲೆ ಸೇರಿಸಲು ಜಾಗವೇ ಇಲ್ಲ. ಮೇ ತಿಂಗಳಲ್ಲಿ ಕಳುವಾದ ಒಡವೆ ಮಾರ್ಚ್‌ನಲ್ಲಿ ಗಿರವಿ ಅಂಗಡಿಯಲ್ಲಿ ಇರುವುದು ಹೇಗೆ ಎಂದು ವಕೀಲೆ ತನಿಖಾಧಿಕಾರಿಯನ್ನು ಕೇಳಿದರು. ಅವರು ನೆನಪಿಲ್ಲ ಎಂದರು. ಪಂಚರಲ್ಲಿ ಒಬ್ಬ, ತಿಪ್ಪಸಂದ್ರ ಎಲ್ಲಿದೆ ಎಂದೇ ಗೊತ್ತಿಲ್ಲ, ಠಾಣೆಯಲ್ಲಿ ಸಹಿ ಹಾಕಿದೆ ಎಂದು ಹೇಳಿಬಿಟ್ಟ. 2020ರಲ್ಲಿ ಕೊರೊನಾ ಬಂದು ಕೋರ್ಟು ಮುಚ್ಚಿತು. ಎಲ್ಲ ತಯಾರಾಗಿದ್ದ ಕೇಸು ಇನ್ನೊಂದು ವರ್ಷಕ್ಕೂ ಹೆಚ್ಚು ಹಾಗೇ ನಿಂತಿತು.

ತೀರ್ಪಿನಲ್ಲಿ ಸಂಶಯದ ಲಾಭ ಕೊಟ್ಟು ಬಿಡುಗಡೆ ಮಾಡಲಾಗಿದೆ ಎಂದು ಬರೆದಿದೆ. ಸುಳ್ಳು ಮಹಜರು ಬರೆದವರ ಬಗ್ಗೆ ಒಂದು ಸಾಲೂ ಇಲ್ಲ. ಇನ್ನೆರಡು ಕೇಸುಗಳೂ ಅದರ ಹಿಂದೆಯೇ ಬಿದ್ದುಹೋದವು. ನನ್ನನ್ನು ಹಿಡಿದ ಅಧಿಕಾರಿಗೆ ಬಡ್ತಿಯಾಗಿದೆ ಎಂದು ಕೇಳಿದೆ. 2022ರಲ್ಲಿ 545 ಪಿಎಸ್‌ಐ ಹುದ್ದೆಗಳ ನೇಮಕಾತಿಯ ಅಕ್ರಮ ಹೊರಬಂದು, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ಅಮೃತ್ ಪಾಲ್ ಅವರನ್ನು ಸಿಐಡಿ ಬಂಧಿಸಿತು. ಅವರೂ ಆರೋಪಿ, ನಾನೂ ಆರೋಪಿಯಾಗಿದ್ದವನು. ತಪ್ಪು ಯಾರದೆಂದು ಕೋರ್ಟು ಹೇಳುವ ಮೊದಲು ನಾನು ಹೇಳಲಾರೆ. ಸರ್ಕಾರ ಆ ಪರೀಕ್ಷೆಯನ್ನೇ ರದ್ದು ಮಾಡಿತು ಎಂಬುದಂತೂ ನಿಜ. ಅಂಥ ಪರೀಕ್ಷೆಗೆ ಮನೆಮಠ ಮಾರಿ ದುಡ್ಡು ಸುರಿದು ಯಾರಾದರೂ ಸ್ಟೇಷನ್ನಿಗೆ ಬಂದರೆ ಅದನ್ನು ವಸೂಲು ಮಾಡುವುದು ನಮ್ಮಂಥವರಿಂದ. ನನ್ನ ಸೀಮೆಹಸುವಿನ ದುಡ್ಡು ಯಾರ ಮೇಜಿನವರೆಗೆ ಹೋಯಿತು ಎಂಬುದು ನನಗೆ ಗೊತ್ತಾಗುವುದೇ ಇಲ್ಲ.

ಸರ ವಾಪಸು ಬಂತು. ಓಲೆ ಮುದ್ದೆಮಾಲಿನ ಗಂಟಿನಲ್ಲಿ ಇರಲಿಲ್ಲ, ಮಹಜರಿನಲ್ಲೇ ಅದನ್ನು ಬರೆದಿರಲಿಲ್ಲ. ಗಿರವಿ ಅಂಗಡಿಯವರು ಬಡ್ಡಿ ಬಿಟ್ಟು ಅಸಲು ಮಾತ್ರ ತಗೊಂಡರು.

ಆದರೆ ಕೇಸು ಹಾಕಿದಾಗ ನನ್ನ ಹೆಸರಿನಲ್ಲಿ ಎಂಒಬಿ ಕಾರ್ಡು ತೆರೆದಿದ್ದರು. ಕಳ್ಳತನದ ಆರೋಪಿಗಳ ಮೇಲೆ ಕಣ್ಣಿಡಲು ಪೊಲೀಸರು ಇಟ್ಟುಕೊಳ್ಳುವ ಪಟ್ಟಿ ಅದು. ಬಿಡುಗಡೆಯಾದರೂ ಆ ಕಾರ್ಡು ಮುಚ್ಚಿಲ್ಲ. 2023ರ ವಿಧಾನಸಭೆ ಚುನಾವಣೆಗೆ, 2024ರ ಲೋಕಸಭೆ ಚುನಾವಣೆಗೆ ಬೀಟ್ ಪೊಲೀಸರು ಮನೆಗೆ ಬಂದು ವಿಚಾರಿಸಿದರು, ಮುಚ್ಚಳಿಕೆ ಬರೆಸಿಕೊಂಡರು. ಸ್ಕೂಲ್ ಬಸ್ ಓಡಿಸುವ ಕೆಲಸ ಸಿಕ್ಕಿತ್ತು, ಪೊಲೀಸ್ ವೆರಿಫಿಕೇಷನ್‌ನಲ್ಲಿ ಹೋಯಿತು. ತೀರ್ಪಿನ ನಕಲು ತೋರಿಸಿದರೆ, ಸಂಶಯದ ಲಾಭ ತಾನೆ, ಕ್ಲೀನ್ ಏನಲ್ಲವಲ್ಲ ಅನ್ನುತ್ತಾರೆ. ಮಗಳು ಈಗ ಡಿಗ್ರಿ ಓದುತ್ತಿದ್ದಾಳೆ. ಅವಳ ಮದುವೆಯ ಮಾತು ಬಂದಾಗ ಬಸ್‌ ನಿಲ್ದಾಣದಲ್ಲಿ ನನ್ನನ್ನು ಕೋಳ ಹಾಕಿ ನಡೆಸಿದ್ದನ್ನು ನೆನೆಸಿಕೊಳ್ಳುವವರು ಇದ್ದೇ ಇರುತ್ತಾರೆ.

ಕಾರ್ಡು ಮುಚ್ಚಬೇಕು, ಸುಳ್ಳು ಮಹಜರು ಬರೆದವರ ಮೇಲೆ ಕ್ರಮ ಆಗಬೇಕು, ಪರಿಹಾರ ಕೊಡಬೇಕು ಎಂದು ಹೈಕೋರ್ಟಿಗೆ ಹಾಕುವ ಅರ್ಜಿಯನ್ನು ನಮ್ಮ ವಕೀಲೆ ಸಿದ್ಧ ಮಾಡಿದ್ದಾರೆ. ಸಹಿ ಹಾಕಿಕೊಟ್ಟಿದ್ದೇನೆ. ಆ ಟೈಲರ್ ಅಮ್ಮನಿಗೆ ನನ್ನ ಹೆಂಡತಿ ಫೋನ್ ಮಾಡಿದಾಗ, ತಾನೂ ಪ್ರಮಾಣಪತ್ರ ಕೊಡುವುದಾಗಿ ಹೇಳಿದರು. ಅವರ ಮನೆಯ ಕಳ್ಳತನದ ತನಿಖೆಯನ್ನು ಮತ್ತೆ ನಡೆಸಬೇಕೆಂದು ಅವರು ಬೇರೆ ಅರ್ಜಿ ಕೊಡುತ್ತಿದ್ದಾರೆ. ಎರಡನ್ನೂ ಅದೇ ವಕೀಲೆ ನಡೆಸುತ್ತಾರೆ.